ಮಾವನ ಜೊತೆ ಕೂತು ಐಸ್‌ಲ್ಯಾಂಡ್ ಸಿನಿಮಾ ನೋಡಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಭಾನುವಾರ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಒಂದು ಸಿನಿಮಾ ನೋಡುವುದು ನಮ್ಮ ರೂಢಿ. ನಾನು, ನಮ್ಮ ಯಜಮಾನರು, ಎಂಟನೇ ಕ್ಲಾಸಿನ ಮಗಳು, 74 ವರ್ಷದ ಮಾವ. ಮಾವ ಚನ್ನಗಿರಿ ಕಡೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡು, ಕುರಿ ಸಾಕಿಕೊಂಡಿದ್ದವರು. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಬಂದಿದ್ದಾರೆ. ಮಗಳಿಗೆ ಶಾರುಖ್ ಖಾನ್ ಹಾಡು ನೋಡಿ ಐಸ್‌ಲ್ಯಾಂಡ್ ಹುಚ್ಚು ಹಿಡಿದಿದೆ. ಹಾಗಾಗಿ ಆ ದೇಶದ ಸಿನಿಮಾ ಅಂತ ‘ಲ್ಯಾಂಬ್’ ಹಾಕಿದೆವು. ಹೆದರಿಸುವ ಸಿನಿಮಾ ಅಂತ ಹೇಳಿದ್ದರು. ಅರ್ಧ ಗಂಟೆ ಯಾರೂ ಮಾತೇ ಆಡಲಿಲ್ಲ. ಮಗಳು ಫೋನ್ ತೆಗೆದಳು, ಮಾವ ಎದ್ದು ಹೋದರು. ನನಗೂ ಕೊನೆಗೆ ಏನಾಯಿತು ಅಂತ ಗೊತ್ತಾಗಲಿಲ್ಲ. ಅಲ್ಲಿನ ಸಿನಿಮಾ ಎಲ್ಲ ಹೀಗೇನಾ? ಬರೀ ದುಃಖ, ಮಂಜು, ಮೌನ? ಅರ್ಥ ಮಾಡಿಕೊಳ್ಳುವ ಶಕ್ತಿ ನಮಗೇ ಇಲ್ವಾ? ಇನ್ನೊಂದು ಸಲ ನೋಡೋಣ ಅಂದರೆ ಎಲ್ಲಿಂದ ಶುರು ಮಾಡಲಿ? ಮಾವನಿಗೆ ಇಂಗ್ಲಿಷ್ ಅಕ್ಷರ ಓದಲು ಆಗುವುದಿಲ್ಲ. ಸ್ನೇಹಿತರೊಬ್ಬರು ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುತ್ತೇನೆ ಅಂತಿದ್ದಾರೆ, ತಗೊಳ್ಳಬಹುದಾ?

ಉತ್ತರ:

ನಿಮ್ಮ ಪತ್ರದ ಮಧ್ಯದ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ‘ಶಕ್ತಿ ನಮಗೇ ಇಲ್ವಾ’ ಅಂತ ಕೇಳಿದ್ದೀರಿ. ಇದೆ. ನಿಮಗೆ ಒಂದನ್ನು ತೋರಿಸುತ್ತೇವೆ ಅಂತ ಕೂರಿಸಿ ಇನ್ನೊಂದನ್ನು ತೋರಿಸಿದರು, ಆಗಿದ್ದು ಅಷ್ಟೇ. 2021ರ ‘ಲ್ಯಾಂಬ್’ ಅನ್ನು ಹೊರದೇಶಗಳಲ್ಲಿ ಹಾರರ್ ಎಂದು ಮಾರಿದರು. ಅದು ಮಗು ಕಳೆದುಕೊಂಡ ಗಂಡ ಹೆಂಡತಿಯ ಕಥೆ. ಕೊಟ್ಟಿಗೆಯಲ್ಲಿ ಹುಟ್ಟಿದ ಅರ್ಧ ಕುರಿ, ಅರ್ಧ ಮನುಷ್ಯ ಕೂಸಿಗೆ ಅವರು ಸತ್ತ ಮಗಳ ಹೆಸರನ್ನೇ ಇಡುತ್ತಾರೆ. ಭಯಕ್ಕೆ ಕಾದು ಕೂತವರಿಗೆ ಆ ಸಂಕಟ ಮುಟ್ಟುವುದು ಕಷ್ಟ. ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಫಿಲ್ಮ್ ಸೊಸೈಟಿಗಳಿಗೆ ಸಿನಿಮಾ ಆರಿಸಿಕೊಡುತ್ತಿದ್ದೇನೆ, ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ. ಒಳ್ಳೆಯ ಸಿನಿಮಾವನ್ನು ತಪ್ಪು ದಿನ, ತಪ್ಪು ಮಾತು ಹೇಳಿ ತೋರಿಸಿದರೆ ಏನಾಗುತ್ತದೆ ಅಂತ ಬಹಳ ಸಲ ನೋಡಿದ್ದೇನೆ.

ಈಗ ‘ಎಲ್ಲ ಹೀಗೇನಾ’ ಅನ್ನುವ ಪ್ರಶ್ನೆ. ಐಸ್‌ಲ್ಯಾಂಡ್‌ನ ಜನಸಂಖ್ಯೆ ನಾಲ್ಕು ಲಕ್ಷ ಮುಟ್ಟಿಲ್ಲ. ನೆಲ ನೋಡಿದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಜನ ನೋಡಿದರೆ ನಮ್ಮ ಕೊಡಗು ಜಿಲ್ಲೆಗಿಂತ ಕಡಿಮೆ. ಊರಿಗೆ ಊರೇ ಟಿಕೆಟ್ ತಗೊಂಡರೂ ಸಿನಿಮಾಕ್ಕೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಅದಕ್ಕೇ ಅಲ್ಲಿ 1978ರಲ್ಲಿ ಕಾನೂನು ಮಾಡಿ ಸರ್ಕಾರವೇ ಸಿನಿಮಾ ನಿಧಿ ಕಟ್ಟಿತು. 1980ರಲ್ಲಿ ಒಂದೇ ವರ್ಷ ಮೂರು ಚಿತ್ರ ಬಂದವು. ಅಲ್ಲಿಯವರು ಆ ಕಾಲವನ್ನು ‘ಸಿನಿಮಾದ ವಸಂತ’ ಅಂತಲೇ ಕರೆಯುತ್ತಾರೆ. ಅದಕ್ಕೂ ಮುಂಚೆ ಚಿತ್ರಗಳು ಇರಲಿಲ್ಲ ಅಂತಲ್ಲ, ಎಲ್ಲೋ ಅಪರೂಪಕ್ಕೆ ಒಂದು. ಟಿವಿ ಕೂಡ ಬಂದಿದ್ದು 1966ರಲ್ಲಿ. 1987ರವರೆಗೆ ಗುರುವಾರ ಟಿವಿ ಪ್ರಸಾರವೇ ಇರುತ್ತಿರಲಿಲ್ಲ ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ. ಅಂಥ ಗುರುವಾರಗಳಲ್ಲಿ ಬೆಳೆದವರೇ ಇವತ್ತು ಅಲ್ಲಿ ಸಿನಿಮಾ ಮಾಡುತ್ತಿರುವ ಹಿರಿಯರು.

ಸರ್ಕಾರದ ದುಡ್ಡೂ ಸಾಲದೆ ಅವರು ಡೆನ್ಮಾರ್ಕ್, ನಾರ್ವೆ, ಜರ್ಮನಿ, ಫ್ರಾನ್ಸ್‌ನವರ ಜೊತೆ ಪಾಲು ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿದ ಸಿನಿಮಾ ಕಾನ್, ವೆನಿಸ್‌ನಂಥ ಚಿತ್ರೋತ್ಸವಕ್ಕೆ ಹೋಗುತ್ತದೆ, ಅಲ್ಲಿಂದ ನಮ್ಮ ಕೈಗೆ ಸಿಗುತ್ತದೆ. ಅಂದರೆ ನಾವು ನೋಡುತ್ತಿರುವುದು ಜರಡಿ ಹಿಡಿದ ಮೇಲೆ ಉಳಿದ ಕಾಳು. ಅಲ್ಲಿನ ಜನ ಹೊಟ್ಟೆ ಹಿಡಿದು ನಗುವ ಸಿನಿಮಾಗಳು ಜರಡಿಯಿಂದ ಕೆಳಗೆ ಹೋಗಿಬಿಡುತ್ತವೆ. 2009ರಲ್ಲಿ ‘ಬ್ಯಾರ್ನ್‌ಫ್ರೆದಾರ್ಸನ್’ ಅನ್ನುವ ಹಾಸ್ಯ ಚಿತ್ರ ಅಲ್ಲಿ ಭಾರೀ ಓಡಿತು. ಅದರ ನಟ ಯೋನ್ ಗ್ನಾರ್ ಮರುವರ್ಷ ರಾಜಧಾನಿ ರೇಕ್ಯವಿಕ್‌ನ ಮೇಯರ್ ಆದರು! ನಮ್ಮಲ್ಲಿ ಆ ಸಿನಿಮಾದ ಹೆಸರು ಕೇಳಿದವರೇ ಇಲ್ಲ. ಐಸ್‌ಲ್ಯಾಂಡ್ ಸಿನಿಮಾ ಅಂದರೆ ಬರೀ ದುಃಖ ಅನ್ನುವ ಮಾತು ಹುಟ್ಟಿದ್ದು ಹೀಗೆ.

ಮಗಳಿಗೆ ಇಷ್ಟವಾದ ಹಾಡಿನ ವಿಷಯಕ್ಕೂ ಇಲ್ಲೇ ಬರುತ್ತೇನೆ. ಕಪ್ಪು ಮರಳು, ಮುರಿದ ವಿಮಾನ, ಹಿಮದ ಗಡ್ಡೆ. ಆ ವಿಮಾನ 1973ರಲ್ಲಿ ತುರ್ತಾಗಿ ಇಳಿದ ಅಮೆರಿಕ ನೌಕಾಪಡೆಯದು. ಹೊರಗಿನಿಂದ ಬಂದವರಿಗೆ ಅದು ಫೋಟೋ ಜಾಗ. ಚಿತ್ರೀಕರಣಕ್ಕೆ ಮಾಡಿದ ಖರ್ಚಿನಲ್ಲಿ ಒಂದು ಪಾಲನ್ನು ಅಲ್ಲಿನ ಸರ್ಕಾರ ವಾಪಸ್ ಕೊಡುವುದರಿಂದ ಹಾಲಿವುಡ್ಡಿನವರೂ ಸಾಲುಗಟ್ಟಿ ಹೋಗುತ್ತಾರೆ. ಆದರೆ ಅಲ್ಲೇ ಹುಟ್ಟಿದ ನಿರ್ದೇಶಕರು ಆ ನೆಲವನ್ನು ಹಾಗೆ ನೋಡುವುದಿಲ್ಲ. ಅವರಿಗೆ ಬೆಟ್ಟ ಅಂದರೆ ಕುರಿ ಕಳೆದುಹೋಗುವ ಜಾಗ. ಸಮುದ್ರ ಅಂದರೆ ಅಪ್ಪ ವಾಪಸ್ ಬರದೇ ಹೋದ ದಾರಿ. 1984ರ ಮಾರ್ಚ್‌ನಲ್ಲಿ ವೆಸ್ಟ್‌ಮನ್ ದ್ವೀಪಗಳ ಹತ್ತಿರ ಒಂದು ಮೀನುಗಾರಿಕೆ ದೋಣಿ ಮಗುಚಿತು. ಒಬ್ಬನೇ ಒಬ್ಬ ಕೊರೆಯುವ ನೀರಿನಲ್ಲಿ ರಾತ್ರಿ ಗಂಟೆಗಟ್ಟಲೆ ಈಜಿ ದಡ ಸೇರಿ ಬದುಕಿದ. ಬಾಲ್ತಸಾರ್ ಕೊರ್ಮಾಕುರ್ 2012ರಲ್ಲಿ ಅದನ್ನೇ ‘ದ ಡೀಪ್’ ಅಂತ ಸಿನಿಮಾ ಮಾಡಿದರು. ಅದರಲ್ಲಿ ಸಮುದ್ರ ಚೆಂದ ಕಾಣುವ ಗಳಿಗೆ ಸಿಗುವುದು ಕಷ್ಟ.

ಇನ್ನು ಮೌನ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಮನೆಯವರೆಲ್ಲ ಸೋತಿದ್ದು ಇಲ್ಲೇ. ಐಸ್‌ಲ್ಯಾಂಡ್‌ನ ಹಳೆಯ ಸಾಗಾ ಕಥೆಗಳನ್ನು ಬರೆದಿಟ್ಟಿದ್ದು ಹೆಚ್ಚಾಗಿ ಹದಿಮೂರನೇ ಶತಮಾನದಲ್ಲಿ. ಅವುಗಳಲ್ಲಿ ಒಬ್ಬನಿಗೆ ಕೋಪ ಬಂತು, ದುಃಖವಾಯಿತು ಅಂತ ಬರೆಯುವುದು ಕಡಿಮೆ. ಅವನು ಏನು ಮಾಡಿದ, ಏನು ಹೇಳಿದ, ಅಷ್ಟೇ. ಉಳಿದದ್ದು ಕೇಳುವವರಿಗೆ ಬಿಟ್ಟಿದ್ದು. ಈಗಿನ ನಿರ್ದೇಶಕರೂ ಆ ಮನೆಯ ಮಕ್ಕಳೇ ಅಂತ ನನಗೆ ಅನ್ನಿಸುತ್ತದೆ. ಹಾಗಂತ ಸಾಗಾ ಓದಿಕೊಂಡೇ ಸಿನಿಮಾ ನೋಡಬೇಕು ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಒಂದು ಸಣ್ಣ ಉಪಾಯ ಸಾಕು. ಪಾತ್ರಗಳ ಮುಖ ಬಿಟ್ಟು ಕೈ ನೋಡಿ. ಅವರು ಸುಮ್ನೆ ಕೂತಿರುವುದು ಕಡಿಮೆ. ಹುಲ್ಲು ಹಾಕುತ್ತಾರೆ, ಬೇಲಿ ಕಟ್ಟುತ್ತಾರೆ, ಆಲೂಗಡ್ಡೆ ಸುಲಿಯುತ್ತಾರೆ. ಕೆಲಸ ಎಲ್ಲಿ ತಡೆಯಿತು, ಎಲ್ಲಿ ಜೋರಾಯಿತು ಅನ್ನುವುದರಲ್ಲಿ ಮಾತು ಇರುತ್ತದೆ. ಸಂಕಟ ಬಂದಾಗ ಏನೂ ಹೇಳದೆ ಹಗ್ಗ ಹೊಸೆಯುತ್ತಾ ಕೂತ ಹಿರಿಯರನ್ನು ನಿಮ್ಮ ಮಾವ ಎಷ್ಟು ನೋಡಿಲ್ಲ!

ಕೇಳಲೂ ಒಂದು ವಿಷಯ ಇದೆ. ಅಲ್ಲಿ ‘ಹೌದು’ ಅನ್ನಲು ‘ಯೌ’ ಅನ್ನುತ್ತಾರೆ. ಬಹಳ ಸಲ ಅದನ್ನು ಉಸಿರು ಹೊರಗೆ ಬಿಡುತ್ತಾ ಅಲ್ಲ, ಒಳಗೆ ಎಳೆದುಕೊಳ್ಳುತ್ತಾ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ಏನೋ ಗಾಬರಿಯಾದವರ ಹಾಗೆ ಕೇಳಿಸುತ್ತದೆ. ಅದು ನಮ್ಮ ‘ಹ್ಞೂಂ’ ಅಷ್ಟೇ. ಇನ್ನೊಂದು ಪದ ‘ಯೈಯಾ’. ಮಾತು ಶುರು ಮಾಡಲು, ಮುಗಿಸಲು, ಎದ್ದು ಹೊರಡಲು, ಬೇಜಾರು ತೋರಿಸಲು, ಎಲ್ಲಕ್ಕೂ ಅದೇ. ನಾನು ಸಬ್‌ಟೈಟಲ್‌ನಲ್ಲಿ ಅದಕ್ಕೆ ಒಂದು ಕಡೆ ‘ಸರಿ ಹಾಗಾದ್ರೆ’ ಅಂತ, ಇನ್ನೊಂದು ಕಡೆ ‘ಅಯ್ಯೋ ಬಿಡು’ ಅಂತ ಬರೆದಿದ್ದೇನೆ. ಈ ಎರಡು ಪದ ಮಗಳಿಗೆ ಹೇಳಿಕೊಡಿ. ಸಿನಿಮಾದಲ್ಲಿ ಎಷ್ಟು ಸಲ ಬಂತು ಅಂತ ಎಣಿಸಲಿ, ಫೋನ್ ಪಕ್ಕಕ್ಕೆ ಹೋಗುತ್ತದೆ.

ಶುರು ಮಾಡಲು ನನ್ನ ಸಲಹೆ ‘ರ‍್ಯಾಮ್ಸ್’. ಗ್ರೀಮುರ್ ಹೌಕೋನಾರ್ಸನ್ 2015ರಲ್ಲಿ ಮಾಡಿದ ಸಿನಿಮಾ, ಅಲ್ಲಿನ ಹೆಸರು ‘ಹ್ರೂತಾರ್’, ಅಂದರೆ ಟಗರುಗಳು. ಕಾನ್‌ನಲ್ಲಿ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗದ ದೊಡ್ಡ ಪ್ರಶಸ್ತಿ ಅದಕ್ಕೇ ಬಂತು. ಒಂದು ಕಣಿವೆಯಲ್ಲಿ ಅಣ್ಣ ತಮ್ಮ, ಕಿಡ್ಡಿ ಮತ್ತು ಗುಮ್ಮಿ. ಮನೆಗಳು ಅಕ್ಕಪಕ್ಕ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಮಾತು ಬಿಟ್ಟು ನಲವತ್ತು ವರ್ಷ. ಏನಾದರೂ ತಿಳಿಸಲೇಬೇಕು ಅಂದಾಗ ಚೀಟಿ ಬರೆದು ನಾಯಿಯ ಬಾಯಿಗೆ ಕೊಡುತ್ತಾರೆ. ನಾಯಿ ಅಂಗಳ ದಾಟಿ ಕೊಟ್ಟು ಬರುತ್ತದೆ. ಊರಿನ ಟಗರು ಸ್ಪರ್ಧೆಯಲ್ಲಿ ಕಿಡ್ಡಿಯ ಟಗರು ಗೆಲ್ಲುತ್ತದೆ, ಸ್ವಲ್ಪದರಲ್ಲಿ ಸೋತ ಗುಮ್ಮಿಗೆ ಆ ಟಗರಿನ ಮೈಯಲ್ಲಿ ರೋಗದ ಗುರುತು ಕಾಣುತ್ತದೆ. ಅದು ಸ್ಕ್ರೇಪಿ, ಮಿದುಳು ಹಾಳುಮಾಡುವ, ಮದ್ದಿಲ್ಲದ ಕುರಿ ರೋಗ. ಆಗಿನ ನಿಯಮದಂತೆ, ಒಂದಕ್ಕೆ ಬಂದರೆ ಇಡೀ ಹಿಂಡನ್ನು ಕೊಲ್ಲಲೇಬೇಕಿತ್ತು. ಕಣಿವೆಯ ಪ್ರತಿ ಮನೆಯ ಕೊಟ್ಟಿಗೆಯೂ ಖಾಲಿ. ಆಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಹೇಳುವುದಿಲ್ಲ.

ಒಂದು ದೃಶ್ಯ ಮಾತ್ರ ಹೇಳಿಬಿಡುತ್ತೇನೆ. ಚಳಿಗಾಲ. ಕಿಡ್ಡಿ ಕುಡಿದು ಹಿಮದಲ್ಲಿ ಬಿದ್ದಿದ್ದಾನೆ, ಹಾಗೇ ಬಿಟ್ಟರೆ ಸಾಯುತ್ತಾನೆ. ಗುಮ್ಮಿ ಹೋಗಿ ಮುಟ್ಟುವುದಿಲ್ಲ, ಕರೆಯುವುದೂ ಇಲ್ಲ. ಮಣ್ಣು ಎತ್ತುವ ಯಂತ್ರ ತಂದು, ಅದರ ಮುಂದಿನ ಬಕೆಟ್‌ನಲ್ಲಿ ಅಣ್ಣನನ್ನು ಗೋರಿ ಎತ್ತಿಕೊಂಡು ಪಟ್ಟಣದವರೆಗೆ ಓಡಿಸಿಕೊಂಡು ಹೋಗುತ್ತಾನೆ. ಆಸ್ಪತ್ರೆ ಬಾಗಿಲಲ್ಲಿ ಬಕೆಟ್ ಬಗ್ಗಿಸಿ ಇಳಿಸಿ ವಾಪಸ್ ಬರುತ್ತಾನೆ. ಒಂದೂ ಮಾತಿಲ್ಲ. ಇದನ್ನು ನೋಡುವಾಗ ನಗು ಬರುತ್ತದೆ. ನಗುತ್ತಿರುವಾಗಲೇ ಗಂಟಲು ಕಟ್ಟುತ್ತದೆ. ಗುಮ್ಮಿ ಪಾತ್ರ ಮಾಡಿದ ಸಿಗುರ್ದುರ್ ಸಿಗುರ್ಯೋನ್ಸನ್ ಅಲ್ಲಿನ ಟಿವಿಯ ಹೆಸರಾಂತ ಹಾಸ್ಯ ನಟ. ಅವರ ಮುಖ ಕಂಡರೇ ಅಲ್ಲಿಯವರಿಗೆ ನಗು. ನಾವು ‘ಚಿತ್ರೋತ್ಸವದ ಸಿನಿಮಾ’ ಅಂತ ಗಂಭೀರವಾಗಿ ಕೂತು ನೋಡುತ್ತೇವೆ. ದಯವಿಟ್ಟು ನೀವು ಹಾಗೆ ಕೂರಬೇಡಿ, ನಗು ಬಂದರೆ ನಕ್ಕುಬಿಡಿ.

ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಕೇಂದ್ರದಲ್ಲಿ ಇದನ್ನು ತೋರಿಸಿದ್ದೆ. ಮುಗಿದ ಮೇಲೆ ಚರ್ಚೆ ಅಂತ ಇಟ್ಟುಕೊಂಡಿದ್ದೆವು. ಓದಿಕೊಂಡವರು ಕ್ಯಾಮೆರಾ, ಬೆಳಕು ಅಂತ ಮಾತಾಡಿದರು. ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಒಬ್ಬ ಅಜ್ಜ ಎದ್ದು, ‘ಅವನು ತನ್ನ ಕುರೀನ ಬೇರೆಯವರ ಕೈಗೆ ಕೊಡದೆ ತಾನೇ ಕೊಂದನಲ್ಲ, ಅದು ಸರಿ’ ಅಂದರು. ಅಷ್ಟು ಹೇಳಿ ಕೂತರು. ಸಿನಿಮಾದ ಬಗ್ಗೆ ನಾನು ಬರೆದುಕೊಂಡು ಹೋಗಿದ್ದ ಎರಡು ಪುಟದಲ್ಲಿ ಆ ಮಾತು ಇರಲಿಲ್ಲ. ನಿಮ್ಮ ಮಾವನಿಗೆ ಈ ಸಿನಿಮಾ ಅರ್ಥವಾಗುತ್ತದೆ ಅನ್ನುವ ನನ್ನ ಧೈರ್ಯ ಬಂದಿದ್ದು ಅಲ್ಲಿಂದ.

ತೊಂದರೆಗಳನ್ನೂ ಹೇಳಬೇಕು. ಕುರಿಗಳನ್ನು ಕೊಲ್ಲುವ ಭಾಗ ಇದೆ, ಮಗಳಿಗೆ ಮೊದಲೇ ಹೇಳಿಡಿ. ವಯಸ್ಸಾದವರ ಬೆತ್ತಲೆ ಮೈ ಕಾಣುವ ದೃಶ್ಯವೂ ಇದೆ. ಅದು ಕಾಮಕ್ಕಲ್ಲ, ಆದರೂ ಮಾವನ ಎದುರು ಮುಜುಗರ ಆಗಬಹುದು. ಅಲ್ಲಿ ಊರೂರಿಗೂ ಬಿಸಿನೀರಿನ ಈಜುಕೊಳ ಇರುತ್ತದೆ. ಇಳಿಯುವ ಮುಂಚೆ ಬಟ್ಟೆ ಪೂರ್ತಿ ತೆಗೆದು, ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಸ್ನಾನ ಮಾಡುವುದು ನಿಯಮ. ಅದಕ್ಕೇ ಅವರ ಸಿನಿಮಾಗಳಲ್ಲಿ ಬೆತ್ತಲೆ ಅನ್ನುವುದು ಅಷ್ಟು ಸಲೀಸು. ಮತ್ತೊಂದು ಎಚ್ಚರ: 2020ರಲ್ಲಿ ಆಸ್ಟ್ರೇಲಿಯಾದವರು ಇದೇ ಕಥೆಯನ್ನು ಇದೇ ಇಂಗ್ಲಿಷ್ ಹೆಸರಿನಲ್ಲಿ ಮತ್ತೆ ಮಾಡಿದ್ದಾರೆ. ಹುಡುಕಿದರೆ ಮೊದಲು ಅದೇ ಎದುರಾಗಬಹುದು. ವರ್ಷ, ನಿರ್ದೇಶಕರ ಹೆಸರು ನೋಡಿ ಒತ್ತಿ.

ಮಗಳಿಗೋಸ್ಕರ ಎರಡನೆಯದು ‘ವುಮನ್ ಅಟ್ ವಾರ್’, 2018, ನಿರ್ದೇಶಕ ಬೆನೆಡಿಕ್ಟ್ ಎರ್ಲಿಂಗ್ಸನ್. ಐವತ್ತರ ಆಸುಪಾಸಿನ ಹಾಲ್ಲಾ ಊರಿನ ಗಾಯನ ತಂಡಕ್ಕೆ ಹಾಡು ಕಲಿಸುವವಳು. ಯಾರಿಗೂ ಗೊತ್ತಿಲ್ಲದ ಹಾಗೆ ಬಯಲಿಗೆ ಹೋಗಿ ಬಿಲ್ಲು ಬಾಣ ಹೂಡಿ ಅಲ್ಯೂಮಿನಿಯಂ ಕಾರ್ಖಾನೆಗೆ ಹೋಗುವ ವಿದ್ಯುತ್ ತಂತಿ ಕೆಡಿಸುತ್ತಾಳೆ. ಅಲ್ಲಿ ಉತ್ಪಾದನೆಯಾಗುವ ಕರೆಂಟಿನ ಬಹುಪಾಲು ನುಂಗುವುದು ಅಲ್ಯೂಮಿನಿಯಂ ಕಾರ್ಖಾನೆಗಳೇ. ಅಣೆಕಟ್ಟಿಗೆ ನದಿ, ಕಣಿವೆ ಮುಳುಗಿದ ಸಿಟ್ಟು ಆ ದೇಶದಲ್ಲಿ ನಿಜವಾದದ್ದು. ಇದರಲ್ಲೊಂದು ಸೊಗಸಿದೆ. ಸಿನಿಮಾಕ್ಕೆ ಹಿನ್ನೆಲೆ ಸಂಗೀತ ನುಡಿಸುವವರು ತೆರೆಯ ಮೇಲೇ ಇರುತ್ತಾರೆ! ಅವಳು ಪಾಚಿ ಬೆಳೆದ ಬಯಲಲ್ಲಿ ಓಡುತ್ತಿದ್ದರೆ ಪಕ್ಕದಲ್ಲೇ ಡ್ರಮ್ ಬಾರಿಸುವವನು ನಿಂತಿರುತ್ತಾನೆ. ನಮ್ಮ ಬಯಲಾಟದಲ್ಲಿ ಹಿಮ್ಮೇಳ ರಂಗದ ಮೇಲೇ ಇರುವುದಿಲ್ವಾ, ಹಾಗೆ. ಮಾವನಿಗೆ ಅದು ವಿಚಿತ್ರ ಅನ್ನಿಸುವುದೇ ಇಲ್ಲ ನೋಡಿ. ಅವಳಿಗೆ ಸಹಾಯ ಮಾಡುವ ಕುರಿ ಸಾಕುವವನನ್ನು ‘ಸಂಬಂಧಿ ಇರಬಹುದಾದವನು’ ಅಂತ ಕರೆಯುತ್ತಾರೆ. ಅಷ್ಟು ಸಣ್ಣ ದೇಶದಲ್ಲಿ ಎಲ್ಲರೂ ಎಲ್ಲೋ ಒಂದು ಕಡೆ ನೆಂಟರೇ. ಮನುಷ್ಯರನ್ನು ಹೊಡೆದು ಬಡಿಯುವುದು ಇದರಲ್ಲಿಲ್ಲ. ಆದರೆ ಹಾಲ್ಲಾ ಮಾಡಿದ್ದು ಸರಿಯಾ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಉತ್ತರಕ್ಕೆ ತಯಾರಾಗಿರಿ.

ಮುಂದಿನದು ಹೇಳುವ ಮುಂಚೆ ನಾನು ಸ್ವಲ್ಪ ಯೋಚಿಸಿದೆ. ‘ಚಿಲ್ಡ್ರನ್ ಆಫ್ ನೇಚರ್’, 1991, ಫ್ರಿದ್ರಿಕ್ ಥೋರ್ ಫ್ರಿದ್ರಿಕ್ಸನ್ ಅವರದು. ವಿದೇಶಿ ಭಾಷಾ ಚಿತ್ರಗಳ ಆಸ್ಕರ್‌ಗೆ ನಾಮನಿರ್ದೇಶನ ಪಡೆದ ಐಸ್‌ಲ್ಯಾಂಡ್ ಚಿತ್ರ ಅದು. ಒಬ್ಬ ಮುದುಕ ಹೊಲಮನೆ ಬಿಟ್ಟು ಪಟ್ಟಣದಲ್ಲಿರುವ ಮಗಳ ಫ್ಲ್ಯಾಟಿಗೆ ಬರುತ್ತಾನೆ. ಅಲ್ಲಿ ಒಗ್ಗುವುದಿಲ್ಲ, ವೃದ್ಧಾಶ್ರಮ ಸೇರುತ್ತಾನೆ. ಅಲ್ಲಿ ಬಾಲ್ಯದ ಗೆಳತಿ ಸಿಗುತ್ತಾಳೆ. ಇಬ್ಬರೂ ಒಂದು ಜೀಪು ಕದ್ದು ಹುಟ್ಟಿದ ಊರಿನ ಕಡೆ ಹೊರಟುಬಿಡುತ್ತಾರೆ. ಪೊಲೀಸರು ಬೆನ್ನು ಹತ್ತಿದಾಗ ಆ ಜೀಪು ರಸ್ತೆಯ ಮೇಲೆ ಹಾಗೇ ಮಾಯವಾಗುತ್ತದೆ! ನನ್ನ ಪ್ರಕಾರ ಐಸ್‌ಲ್ಯಾಂಡ್‌ನವರು ಮಾಡಿದ ಸಿನಿಮಾಗಳಲ್ಲೇ ಮೃದುವಾದದ್ದು ಇದು. ಅದರ ಬೇರು ಕೂಡ ಗಟ್ಟಿಯಾದದ್ದು. ಒಂದು ಕಾಲಕ್ಕೆ ಹಳ್ಳಿಗಳಲ್ಲೇ ಇದ್ದ ಜನ ಎರಡು ಮೂರು ತಲೆಮಾರಿನಲ್ಲಿ ಪಟ್ಟಣಕ್ಕೆ ಬಂದರು, ಈಗ ಮೂರರಲ್ಲಿ ಎರಡು ಪಾಲು ಜನ ರೇಕ್ಯವಿಕ್ ಸುತ್ತಮುತ್ತಲೇ. 1980ರ ‘ಲ್ಯಾಂಡ್ ಅಂಡ್ ಸನ್ಸ್’ ಕೂಡ ಹೊಲ ಮಾರಿ ಹೊರಡುವ ಮಗನ ಕಥೆಯೇ. ಆದರೆ ನಿಮ್ಮ ಮಾವ ಊರು ಬಿಟ್ಟು ಬಂದು ಒಂದು ವರ್ಷವೂ ಸರಿಯಾಗಿ ಆಗಿಲ್ಲ. ಈ ಸಿನಿಮಾ ಅವರಿಗೆ ಸಮಾಧಾನ ಕೊಡಬಹುದು, ಗಾಯ ಕೆದಕಲೂಬಹುದು. ನೀವೊಬ್ಬರೇ ಮೊದಲು ನೋಡಿ. ಅವರನ್ನು ಬಲ್ಲವರು ನೀವು.

ಇದೇ ಕಾರಣಕ್ಕೆ ‘ಎ ವೈಟ್, ವೈಟ್ ಡೇ’ ಈಗ ಬೇಡ. ಹೆಂಡತಿ ಸತ್ತ ಪೊಲೀಸಿನವನ ಕಥೆ, ಅವನು ಮಗಳಿಗೂ ಮೊಮ್ಮಗಳಿಗೂ ಅಂತ ಒಂದು ಮನೆ ಕಟ್ಟುತ್ತಿರುತ್ತಾನೆ. 2019ರದು, ಅದ್ಭುತವಾದ ಸಿನಿಮಾ. ಅದರ ನಿರ್ದೇಶಕ ಹ್ಲಿನುರ್ ಪಾಲ್ಮಸನ್ 2022ರಲ್ಲಿ ಮಾಡಿದ ‘ಗಾಡ್‌ಲ್ಯಾಂಡ್’ ಇನ್ನೂ ದೊಡ್ಡದು, ಇನ್ನೂ ನಿಧಾನ. ಒಮ್ಮೆ ಹೊಸ ಪ್ರೇಕ್ಷಕರಿಗೆ ನಾನು ನೇರವಾಗಿ ಅದನ್ನೇ ತೋರಿಸಿದೆ. ಮಧ್ಯಂತರಕ್ಕೆ ಅರ್ಧ ಸಭೆ ಖಾಲಿ. ತಪ್ಪು ಅವರದಲ್ಲ, ನನ್ನ ಆಯ್ಕೆಯದು. ಅದರ ಶುರುವಿನಲ್ಲಿ ಒಬ್ಬ ಪಾದ್ರಿ ತೆಗೆದ ಏಳು ಹಳೆಯ ಫೋಟೋ ಸಿಕ್ಕವು ಅಂತ ಬರುತ್ತದೆ. ಎಷ್ಟೋ ಜನ ನಿಜ ಅಂದುಕೊಂಡಿದ್ದಾರೆ. ಅದು ಕಟ್ಟಿದ ಕಥೆ. ಆ ಎರಡೂ ಚಿತ್ರಗಳಲ್ಲಿ ನಟಿಸಿದ ಹುಡುಗಿ ಈದಾ ಮೆಕ್ಕೀನ್ ಹ್ಲಿನ್ಸ್‌ದೋತ್ತಿರ್, ನಿರ್ದೇಶಕರ ಮಗಳು. ಹ್ಲಿನುರ್‌ನ ಮಗಳು ಅಂತಲೇ ಆ ಕೊನೆಯ ಹೆಸರಿನ ಅರ್ಥ. ಅಲ್ಲಿ ಮನೆತನದ ಹೆಸರು ಅಪರೂಪ, ಅಪ್ಪನ ಹೆಸರಿಗೆ ‘ಸನ್’ ಅಥವಾ ‘ದೋತ್ತಿರ್’ ಸೇರಿಸುತ್ತಾರೆ. ನಮ್ಮ ಇನಿಷಿಯಲ್‌ನಲ್ಲಿ ಅಪ್ಪನ ಹೆಸರು ಕೂತಿರುವ ಹಾಗೆ. ಕರೆಯುವುದು ಮೊದಲ ಹೆಸರಿನಿಂದಲೇ, ಪ್ರಧಾನಿಯಾದರೂ ಸರಿ.

ಮಗಳು ಮಲಗಿದ ಮೇಲೆ ನೀವಿಬ್ಬರೇ ನೋಡುವುದಾದರೆ 2006ರ ‘ಜಾರ್ ಸಿಟಿ’ ಇದೆ, ಪತ್ತೇದಾರಿ ಕಥೆ. ಮಕ್ಕಳ ಸಾವು, ಅತ್ಯಾಚಾರದ ವಿಷಯ ಬರುತ್ತದೆ, ಹಾಗಾಗಿ ಮನೆಮಂದಿಗೆ ಬೇಡ. ಇನ್‌ಸ್ಪೆಕ್ಟರ್ ಕುರಿತಲೆ ಪಾರ್ಸೆಲ್ ತಂದು ಒಬ್ಬನೇ ಕೂತು ತಿನ್ನುವ ದೃಶ್ಯ ಮಾತ್ರ ಮರೆಯಲಾಗುವುದಿಲ್ಲ.

ಈಗ ಸಬ್‌ಟೈಟಲ್. ಈ ಚಿತ್ರಗಳಿಗೆ ಸಾಮಾನ್ಯವಾಗಿ ಕನ್ನಡ ಸಬ್‌ಟೈಟಲ್ ಸಿಗುವುದಿಲ್ಲ. ಕಂಪ್ಯೂಟರ್‌ನಿಂದ ಇಂಗ್ಲಿಷ್ ಸಾಲುಗಳನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಬಹುದು, ಆದರೆ ಸಂಬಂಧಗಳು ಕಲಸಿಹೋಗುತ್ತವೆ. ಇಂಗ್ಲಿಷ್‌ನಲ್ಲಿ ಅಣ್ಣನೂ ತಮ್ಮನೂ ಒಂದೇ ಪದ. ಐಸ್‌ಲ್ಯಾಂಡ್‌ನವರು ಈಗ ಎಲ್ಲರಿಗೂ ಏಕವಚನವನ್ನೇ ಬಳಸುತ್ತಾರೆ, ‘ನೀವು’ ಅನ್ನುವ ಮರ್ಯಾದೆ ಪದ ಬಳಕೆಯಿಂದ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಅದನ್ನು ಕನ್ನಡಕ್ಕೆ ತರುವಾಗ ಎಲ್ಲಿ ನೀನು, ಎಲ್ಲಿ ನೀವು ಅಂತ ನಿರ್ಧರಿಸಲು ಮನುಷ್ಯರೇ ಬೇಕು. ನನ್ನ ಮಾತು ಕೇಳಿದರೆ, ನೀವೇ ಮಾವನ ಪಕ್ಕ ಕೂತು ಹೇಳಿ. ‘ರ‍್ಯಾಮ್ಸ್’ನಲ್ಲಿ ಮಾತು ಅಷ್ಟು ಕಡಿಮೆ ಇರುವುದು ಇಲ್ಲಿ ವರವೇ. ಶುರುವಿಗೆ ಮುಂಚೆ ಐದು ನಿಮಿಷ ಕಥೆಯ ಅರ್ಧ ಹೇಳಿಬಿಡಿ. ಆಮೇಲೆ ಬೇಕಾದಲ್ಲಿ ಮಾತ್ರ ಒಂದೊಂದು ಸಾಲು. ಪ್ರತಿ ಮಾತನ್ನೂ ಹೇಳಲು ಹೋದರೆ ನಿಮಗೂ ಸುಸ್ತು, ಅವರಿಗೂ ಕಿರಿಕಿರಿ.

ಪೆನ್‌ಡ್ರೈವ್ ಬೇಡ ಅಂತಲೇ ಹೇಳುತ್ತೇನೆ. ಅದು ಕಾನೂನಿಗೆ ವಿರುದ್ಧ. ಜೊತೆಗೆ, ಕದ್ದ ಪ್ರತಿಗಳಲ್ಲಿ ಸಬ್‌ಟೈಟಲ್ ಎರಡು ಮೂರು ಸೆಕೆಂಡು ಹಿಂದೆ ಮುಂದೆ ಓಡುತ್ತಿರುತ್ತದೆ. ಮಾತು ಕಡಿಮೆ ಇರುವ ಸಿನಿಮಾದಲ್ಲಿ ಅದು ತುಂಬಾ ದೊಡ್ಡ ನಷ್ಟ. ನಾಲ್ಕು ಲಕ್ಷ ಜನ ಇಲ್ಲದ ದೇಶದ ಸಿನಿಮಾಕ್ಕೆ ಹೊರಗಿನಿಂದ ಬರುವ ಒಂದೊಂದು ರೂಪಾಯಿಯೂ ಲೆಕ್ಕಕ್ಕೆ ಬರುತ್ತದೆ. ಮುಬಿ, ನೆಟ್‌ಫ್ಲಿಕ್ಸ್, ಬಾಡಿಗೆಗೆ ಕೊಡುವ ಸೇವೆಗಳು, ಎಲ್ಲದರಲ್ಲೂ ಹುಡುಕಿ. ಪಟ್ಟಿ ತಿಂಗಳು ತಿಂಗಳು ಬದಲಾಗುತ್ತದೆ, ಇವತ್ತು ಇಲ್ಲದ್ದು ಮುಂದಿನ ತಿಂಗಳು ಬರಬಹುದು. ಹತ್ತಿರದಲ್ಲಿ ಫಿಲ್ಮ್ ಸೊಸೈಟಿ ಇದ್ದರೆ ಅವರನ್ನೂ ಕೇಳಿ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವದ ಸಮಯದಲ್ಲಿ ರಜೆ ಹಾಕಿ ಬರಲಾದರೆ ಯುರೋಪಿನ ಸಿನಿಮಾಗಳನ್ನು ದೊಡ್ಡ ತೆರೆಯ ಮೇಲೆ ನೋಡುವ ಅವಕಾಶವಿದೆ.

‘ರ‍್ಯಾಮ್ಸ್’ ಹಾಕುವ ಭಾನುವಾರ ಊಟ ಬೇಗ ಮುಗಿಸಿ. ಒಂದೂವರೆ ಗಂಟೆಯ ಸಿನಿಮಾ, ಮಧ್ಯೆ ನಿಲ್ಲಿಸಬೇಡಿ. ಟಗರು ಸ್ಪರ್ಧೆಯಲ್ಲಿ ತೀರ್ಪುಗಾರರು ಟಗರಿನ ಬೆನ್ನು, ಮೈ ಎಲ್ಲ ಕೈಯಿಂದ ಅಮುಕಿ ನೋಡುವ ದೃಶ್ಯ ಬರುತ್ತದೆ. ಆಗ ಅವರು ಏನು ನೋಡುತ್ತಿದ್ದಾರೆ ಅಂತ ಮಾವನನ್ನೇ ಕೇಳಿ.